ಎಂಟನೇ ಕ್ಲಾಸು ದಾಟಿದ ಮೇಲೆ ಎಲ್ಲಿ ಹೋಗ್ತಾರೆ? ರಾಯಚೂರು, ಮಾನ್ವಿ, ದೇವದುರ್ಗದ ಶಾಲಾ ಅಂತರವನ್ನು ಓದುವುದು ಹೇಗೆ

ಎಸ್ಎಸ್ಎಲ್‌ಸಿ ಫಲಿತಾಂಶದ ದಿನ ಒಂದು ಪಟ್ಟಿ ಎಲ್ಲರ ವಾಟ್ಸಾಪಿಗೂ ಬರುತ್ತೆ. ಮೇಲೆ ಉಡುಪಿ, ದಕ್ಷಿಣ ಕನ್ನಡ. ಕೆಳಗೆ ನಾವು. 2024ರಲ್ಲಿ ಉಡುಪಿ ಶೇ. 94, ಕೊನೆಯ ಯಾದಗಿರಿ ಶೇ. 50.59. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12, ಕೊನೆಯ ಕಲಬುರಗಿ ಶೇ. 42.43. ಎರಡೂ ವರ್ಷ ರಾಯಚೂರು ಬಾಲದ ಗುಂಪಿನಲ್ಲೇ ಇತ್ತು. ಆಮೇಲೆ ನಡೆಯೋದೂ ಗೊತ್ತಿರುವಂಥದ್ದೇ: ಒಂದು ವಾರ ಆಕ್ರೋಶ, ಅಧಿಕಾರಿಗಳಿಗೆ ನೋಟಿಸು, ಮುಂದಿನ ಡಿಸೆಂಬರಿನಿಂದ ‘ವಿಶೇಷ ತರಗತಿ’, ಮತ್ತೆ ಮೇ ತಿಂಗಳು, ಮತ್ತೆ ಅದೇ ಪಟ್ಟಿ.

ರಾಯಚೂರು ಜಿಲ್ಲೆಯವನಾಗಿ ಈ ಪಟ್ಟಿಯ ಬಗ್ಗೆ ನನಗೆ ಸಿಟ್ಟಿಲ್ಲ, ಅದರ ಮೇಲೆ ನಂಬಿಕೆಯೂ ಇಲ್ಲ. ಅದು ಹೇಳುವುದಕ್ಕಿಂತ ಮುಚ್ಚಿಡುವುದೇ ಹೆಚ್ಚು. ರಾಯಚೂರು ನಗರ, ಮಾನ್ವಿ, ದೇವದುರ್ಗ ಈ ಮೂರನ್ನು ಮುಂದಿಟ್ಟುಕೊಂಡು ಅಂತರ ಎಲ್ಲಿಂದ ಶುರುವಾಗುತ್ತೆ, ಯಾವ ತಿಂಗಳಲ್ಲಿ ಹಿಗ್ಗುತ್ತೆ, ಯಾವ ಕಾನೂನು ಎಲ್ಲಿ ಕೈಬಿಡುತ್ತೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಕೋಟಾ, ಮೀಸಲಾತಿ, 371(ಜೆ) ಅಂತ ಚರ್ಚೆಗೆ ಕೂತಾಗ ಕೈಗೆ ಸಿಗಲಿ ಅಂತ.

ಪಟ್ಟಿ ಮುಚ್ಚಿಡುವುದು

ಮೊದಲನೆಯದು ಛೇದ. ಪಾಸಾದವರ ಶೇಕಡಾವಾರು ಲೆಕ್ಕ ಹಾಕೋದು ಪರೀಕ್ಷೆ ಬರೆದವರ ಮೇಲೆ. ಒಂದನೇ ಕ್ಲಾಸಿಗೆ ಸೇರಿದವರ ಮೇಲಲ್ಲ. ಉದಾಹರಣೆಗೆ ಒಂದು ಊರಲ್ಲಿ 100 ಮಕ್ಕಳು ಒಂದನೇ ಕ್ಲಾಸಿಗೆ ಸೇರಿದರು, 60 ಮಂದಿ ಹತ್ತನೇ ಕ್ಲಾಸಿನ ಪರೀಕ್ಷೆಗೆ ಬಂದರು, 36 ಮಂದಿ ಪಾಸಾದರು ಅಂದುಕೊಳ್ಳಿ. ಪಟ್ಟಿಯಲ್ಲಿ ಆ ಊರಿಗೆ ಶೇ. 60 ಬೀಳುತ್ತೆ. ನಡುವೆ ಕಳೆದುಹೋದ 40 ಮಕ್ಕಳು ಯಾವ ಪಟ್ಟಿಯಲ್ಲೂ ಇರೋದಿಲ್ಲ. ಕರಾವಳಿಯಲ್ಲಿ ಈ ಸೋರಿಕೆ ಕಡಿಮೆ, ನಮ್ಮಲ್ಲಿ ಜಾಸ್ತಿ. ಅಂದರೆ ನಿಜವಾದ ಅಂತರ ಪಟ್ಟಿ ತೋರಿಸುವುದಕ್ಕಿಂತ ದೊಡ್ಡದು.

ಎರಡನೆಯದು ಅಳತೆಗೋಲು. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲಿಗೆ ಕಡಿವಾಣ ಬಿತ್ತು. ಶೇ. 20ರಷ್ಟು ಕೃಪಾಂಕ ಕೊಟ್ಟ ಮೇಲೂ ಫಲಿತಾಂಶ ಶೇ. 73.40ಕ್ಕೆ ನಿಂತಿತು. 2025ರಲ್ಲಿ ಆ ಕೃಪಾಂಕವೂ ಹೋಯಿತು, ಶೇ. 62.34. ಈಗ 2025-26ರಿಂದ ಪಾಸಾಗಲು ಬೇಕಾದ ಒಟ್ಟು ಅಂಕವನ್ನೇ ಶೇ. 33ಕ್ಕೆ ಇಳಿಸಲಾಗಿದೆ. ಹೀಗೆ ಗೋಲು ವರ್ಷಕ್ಕೊಂದು ಉದ್ದ ಆದಾಗ ‘ಕಳೆದ ವರ್ಷಕ್ಕಿಂತ ಸುಧಾರಿಸಿದ್ದೇವೆ’ ಅನ್ನುವ ಹೇಳಿಕೆಗೆ ಅರ್ಥವೇ ಇಲ್ಲ. ಹೋಲಿಸಬೇಕಾದದ್ದು ಅದೇ ವರ್ಷದ ಮೊದಲ ಮತ್ತು ಕೊನೆಯ ಜಿಲ್ಲೆಯ ನಡುವಿನ ದೂರವನ್ನು. 2024ರಲ್ಲಿ ಅದು 43 ಅಂಶ, 2025ರಲ್ಲಿ ಸುಮಾರು 49. ಕೃಪಾಂಕದ ಹೊದಿಕೆ ತೆಗೆದ ಕೂಡಲೇ ದೂರ ಹೆಚ್ಚಾಗಿದೆ. ಹೊಸ ಶೇ. 33ರ ನಿಯಮದಲ್ಲಿ ಅದು ಮತ್ತೆ ಕಮ್ಮಿ ಕಾಣಬಹುದು. ಕಂಡರೆ ಹಿಗ್ಗಬೇಡಿ.

ಮೂರನೆಯದು ಸರಾಸರಿ. ‘ರಾಯಚೂರು’ ಅಂತ ಪಟ್ಟಿಯಲ್ಲಿ ಇರುವುದು ರಾಯಚೂರಿನ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯೂ ಹೌದು, ದೇವದುರ್ಗದ ದೊಡ್ಡಿಯಿಂದ ನಡೆದು ಬರುವ ಹುಡುಗಿಯ ಹೈಸ್ಕೂಲೂ ಹೌದು.

ಮೂರು ಊರು, ಒಂದು ಜಿಲ್ಲೆ

ನಕ್ಷೆ ನೋಡಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಎಡೆದೊರೆ ನಾಡು. ನೀರಿನ ನಡುವೆ ಇದ್ದೂ ನೀರಿಲ್ಲದ ಹಳ್ಳಿಗಳ ಜಿಲ್ಲೆ ಇದು. ರಾಯಚೂರು ನಗರದಲ್ಲಿ ಕನ್ನಡ, ಉರ್ದು, ತೆಲುಗು ಮೂರೂ ನಡೆಯುತ್ತವೆ. ಕಾಲೇಜುಗಳಿವೆ, ಟ್ಯೂಷನ್ನುಗಳಿವೆ, ಶಾಲೆ ಆರಿಸಿಕೊಳ್ಳುವ ಅವಕಾಶವಿದೆ (ದುಡ್ಡಿದ್ದವರಿಗೆ). ಮಾನ್ವಿ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ, ಕ್ಯಾಂಪುಗಳು, ದುಡ್ಡಿನ ಓಡಾಟ. ಕೊನೆಯ ಭಾಗದಲ್ಲಿ ನೀರಿಗಾಗಿ ವರ್ಷಾ ಧರಣಿ. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆಯ ನೀರು ಬಂದಿದ್ದು ತಡವಾಗಿ, ಅದೂ ಎಲ್ಲಾ ಕಡೆ ಅಲ್ಲ. ಅಲ್ಲಿ ಮುಖ್ಯ ಊರಿನಿಂದ ದೂರ, ಹೊಲಗಳ ನಡುವೆ ಚದುರಿದ ದೊಡ್ಡಿಗಳಿವೆ, ತಾಂಡಾಗಳಿವೆ. ಹತ್ತಿಪ್ಪತ್ತು ಮನೆಯ ದೊಡ್ಡಿಗೆ ಪ್ರಾಥಮಿಕ ಶಾಲೆ ಸಿಕ್ಕಿದರೆ ಪುಣ್ಯ. ಹೈಸ್ಕೂಲು ಬೇರೆ ಊರಲ್ಲೇ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದಾಗ 114 ಹಿಂದುಳಿದವು ಅಂತ ಸಿಕ್ಕವು, ಅದರಲ್ಲಿ 39 ‘ಅತ್ಯಂತ ಹಿಂದುಳಿದ’ವು. ದೇವದುರ್ಗ, ಮಾನ್ವಿ ಎರಡೂ ಆ 39ರಲ್ಲಿವೆ. ದೇವದುರ್ಗ ಪಟ್ಟಿಯ ತಳದಲ್ಲಿತ್ತು. (ಹಳೆಯ ಅಂಕಿಗಳಲ್ಲಿ ಮಾನ್ವಿ ಅಂದರೆ ಸಿರವಾರವೂ ಸೇರಿದ ಮಾನ್ವಿ, ಹೋಲಿಸುವಾಗ ನೆನಪಿರಲಿ.) ಪ್ರಾದೇಶಿಕ ಅಸಮತೋಲನ ಮತ್ತೆ ಅಳೆಯೋಕೆ 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಸಮಿತಿ ರಚನೆಯಾಯಿತು. ಎರಡು ಅಳತೆಗಳ ನಡುವೆ ಒಂದನೇ ಕ್ಲಾಸಿಗೆ ಸೇರಿದ ಮಗು ಎಸ್ಎಸ್ಎಲ್‌ಸಿ ಮುಗಿಸಿ, ಅದರ ಮಗು ಶಾಲೆಗೆ ಹೋಗುವಷ್ಟು ಕಾಲ ಕಳೆದಿತ್ತು.

2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56, ರಾಜ್ಯದ್ದು ಶೇ. 75.36. ಜಿಲ್ಲೆಯ ಹೆಣ್ಣುಮಕ್ಕಳದ್ದು ಶೇ. 48.73. ಇದನ್ನು ಹಳೆಯ ಅಂಕಿ ಅಂತ ತಳ್ಳಿಹಾಕಬೇಡಿ. ಅವತ್ತಿನ ಯುವತಿಯರೇ ಇವತ್ತು ಶಾಲೆಯಲ್ಲಿರುವ ಮಕ್ಕಳ ತಾಯಂದಿರು. ಮನೆಪಾಠ ಕೊಟ್ಟು ಕಳಿಸುವ ಮಾಸ್ತರು, ಮನೆಯಲ್ಲಿ ಯಾರೋ ಓದಿ ಹೇಳ್ತಾರೆ ಅಂದುಕೊಂಡಿರ್ತಾರೆ. ಅರ್ಧದಷ್ಟು ಮನೆಗಳಲ್ಲಿ ಅಮ್ಮನಿಗೆ ಆ ಪುಸ್ತಕ ಓದಕ್ಕೆ ಬರಂಗಿಲ್ಲ.

ಇದಕ್ಕೊಂದು ಚರಿತ್ರೆ ಇದೆ, ಅದನ್ನು ಬಿಟ್ಟರೆ ‘ಆ ಕಡೆ ಜನಕ್ಕೆ ಓದಿನ ಬೆಲೆ ಗೊತ್ತಿಲ್ಲ’ ಅನ್ನುವ ಸೋಮಾರಿ ಮಾತಿಗೆ ಬಂದು ನಿಲ್ತೇವೆ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣಕ್ಕೆ ಕಾಯ್ದೆ ತಂದದ್ದು 1913ರಲ್ಲಿ. ಆಗ ನಾವು ನಿಜಾಮನ ಹೈದರಾಬಾದಿನಲ್ಲಿದ್ದೆವು. ಆಡಳಿತದ ಭಾಷೆ ಉರ್ದು, ಮೇಲಿನ ಓದಿನ ಭಾಷೆ ಉರ್ದು, ಮಕ್ಕಳ ಮನೆಮಾತು ಕನ್ನಡ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ್ದು ಅಂಥ ಕಾಲದಲ್ಲಿ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ಓಟದ ಗೆರೆಗೆ ಬಂದು ನಿಂತಾಗಲೇ ಉಳಿದವರು ಎಷ್ಟೋ ಸುತ್ತು ಮುಗಿಸಿದ್ದರು.

ನವೆಂಬರಿನ ಹಾಜರಿ

ಅಂತರ ಎಲ್ಲಿದೆ ಅಂತ ಕೇಳಿದವರಿಗೆ ನಾನು ತಾಲ್ಲೂಕಿನ ಹೆಸರು ಹೇಳೋದಿಲ್ಲ, ತಿಂಗಳ ಹೆಸರು ಹೇಳ್ತೇನೆ. ನವೆಂಬರ್.

ಹತ್ತಿ ಒಡೆಯುವ ಕಾಲ ಅದು. ಹತ್ತಿ ಬಿಡಿಸೋದು ಹೆಣ್ಣುಮಕ್ಕಳ ಕೆಲಸ. ಕೂಲಿ ತೂಕದ ಮೇಲೆ, ಕಿಲೋಗೆ ಇಷ್ಟು ಅಂತ. ದಿನಗೂಲಿಯಾದರೆ ಹದಿಮೂರರ ಹುಡುಗಿಯನ್ನು ಕರೆದೊಯ್ದು ಲಾಭವಿಲ್ಲ; ತೂಕದ ಕೂಲಿಯಾದರೆ ಅವಳ ಎರಡು ಕೈಯೂ ಲೆಕ್ಕಕ್ಕೆ ಬರ್ತವೆ. ಅವಳು ಹೊಲಕ್ಕೆ ಹೋಗದಿದ್ದರೆ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡ್ಕೋಬೇಕು, ಅಮ್ಮ ಹೊಲಕ್ಕೆ ಹೋಗಲಿ ಅಂತ. ಎರಡರಲ್ಲಿ ಯಾವುದಾದರೂ ಶಾಲೆ ತಪ್ಪಿತು. ಸುಗ್ಗಿ ಮುಗಿದ ಮೇಲೆ ಗುಳೆ. ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಕುಟುಂಬ ಸಮೇತ ಹೋಗೋರು ಮಳೆಗಾಲಕ್ಕೆ ವಾಪಸ್ ಬರ್ತಾರೆ. ಅಂದರೆ ಶಾಲೆಯ ವರ್ಷದ ದ್ವಿತೀಯಾರ್ಧ, ಪರೀಕ್ಷೆ ಸಮೇತ, ಶೆಡ್ಡಿನಲ್ಲಿ ಕಳೆದುಹೋಗುತ್ತೆ.

ಹೆಸರು ಮಾತ್ರ ರಿಜಿಸ್ಟರಿನಲ್ಲಿ ಉಳಿಯುತ್ತೆ. ಇದು ಮುಖ್ಯ. ದಾಖಲಾತಿ ಬೇರೆ, ಹಾಜರಾತಿ ಬೇರೆ, ಕಲಿಕೆ ಬೇರೆ. ಸರ್ಕಾರ ಹೆಮ್ಮೆಯಿಂದ ಹೇಳೋದು ದಾಖಲಾತಿಯನ್ನು. ನವೆಂಬರಿನಿಂದ ಮಾರ್ಚ್‌ವರೆಗೆ ಶಾಲೆಗೆ ಬಾರದ ಮಗು ದಾಖಲೆಯ ಪ್ರಕಾರ ಶಾಲೆಯಲ್ಲೇ ಇದೆ. ಮುಂದಿನ ಜೂನಿನಲ್ಲಿ ಅದು ಮೇಲಿನ ಕ್ಲಾಸಿಗೆ ಹೋಗುತ್ತೆ, ಹಿಂದಿನ ಕ್ಲಾಸಿನ ಅರ್ಧ ಪಾಠ ಇಲ್ಲದೆ. ಹೀಗೆ ನಾಲ್ಕು ವರ್ಷ ಕಳೆದರೆ ಎರಡು ಕ್ಲಾಸಿನ ಕಲಿಕೆ ಹೋಯಿತು. ಗುಳೆ ಹೋದವರ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳೋಕೆ ಋತುಮಾನದ ವಸತಿ ಶಾಲೆ ಅನ್ನುವ ಒಳ್ಳೆಯ ಯೋಜನೆ ಸರ್ವ ಶಿಕ್ಷಾ ಅಭಿಯಾನದ ಕಾಲದಿಂದ ಇದೆ. ಅದು ಗುಳೆ ಶುರುವಾಗುವ ಮೊದಲು ತೆರೆದಿರಬೇಕು. ಬಸ್ಸು ಹೋದ ಮೇಲೆ ಮಂಜೂರಾತಿ ಬಂದರೆ ಯಾರಿಗೆ?

ಈಗ ಕಾನೂನಿಗೆ ಬನ್ನಿ. ಶಿಕ್ಷಣ ಹಕ್ಕು ಕಾಯ್ದೆ, 2009, 6ರಿಂದ 14 ವರ್ಷದವರಿಗೆ, ಎಂಟನೇ ಕ್ಲಾಸಿನವರೆಗೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಪೂರ್ತಿ ನಿಷೇಧ ಹಾಕೋದೂ 14ರ ಒಳಗಿನವರಿಗೇ. 14ರಿಂದ 18ರವರಿಗೆ ಅಪಾಯಕಾರಿ ಅಂತ ಪಟ್ಟಿ ಮಾಡಿದ ಕೆಲಸಗಳು ಮಾತ್ರ ನಿಷಿದ್ಧ. ಜೊತೆಗೆ ಶಾಲೆ ಬಿಟ್ಟ ಹೊತ್ತಲ್ಲಿ ‘ಕುಟುಂಬಕ್ಕೆ ನೆರವಾಗೋದು’ ತಪ್ಪಲ್ಲ ಅನ್ನುವ ಕಿಂಡಿಯನ್ನೂ ಅದೇ ತಿದ್ದುಪಡಿ ಇಟ್ಟಿದೆ. ಎರಡು ಕಾನೂನುಗಳೂ ಒಂದೇ ಹುಟ್ಟುಹಬ್ಬದ ದಿನ ಕೈಬಿಡುತ್ತವೆ. ಪ್ರಾಥಮಿಕ ಶಾಲೆ ಮುಗಿಯೋದೂ ಆಗಲೇ, ಹೈಸ್ಕೂಲು ಬೇರೆ ಊರಿಗೆ ಹೋಗೋದೂ ಆಗಲೇ, ಹುಡುಗಿ ‘ದೊಡ್ಡಾಕಿ’ ಆದಳು ಅಂತ ಮನೆಯವರು ಮದುವೆ ಮಾತು ಎತ್ತೋದೂ ಆಗಲೇ.

ಶಕ್ತಿ ಯೋಜನೆ 2023ರ ಜೂನಿನಿಂದ ಹುಡುಗಿಯರ ಬಸ್ ಟಿಕೆಟ್ ದುಡ್ಡು ಉಳಿಸಿದೆ, ಅದು ಸಣ್ಣ ವಿಷಯ ಅಲ್ಲ. ಆದರೆ ಟಿಕೆಟ್ ಉಚಿತ ಆಗೋಕೆ ಮೊದಲು ಬಸ್ಸು ಬರಬೇಕಲ್ಲ. ದೊಡ್ಡಿಗಳಿಗೆ ಬಸ್ಸಿಲ್ಲ, ಮುಖ್ಯ ರಸ್ತೆಯ ತನಕ ನಡಿಗೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್ ಈ ಜಾಗಕ್ಕೇ ಹೇಳಿ ಮಾಡಿಸಿದಂತಿತ್ತು. 2006-07ರಲ್ಲಿ ಶುರುವಾದ ಆ ಯೋಜನೆ ಕೋವಿಡ್ ಹೊತ್ತಿಗೆ ನಿಂತಿತು. ಯಾವ ದೊಡ್ಡ ಪ್ರತಿಭಟನೆಯೂ ಆಗಲಿಲ್ಲ, ನನಗಂತೂ ನೆನಪಿಲ್ಲ.

ಖಾಲಿ ಕುರ್ಚಿ ಮತ್ತು 371(ಜೆ)

ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಶಿಕ್ಷಕರ ಹುದ್ದೆ ಖಾಲಿ ಇರುವುದು ಎಲ್ಲರಿಗೂ ಗೊತ್ತು. ಯಾಕೆ ತುಂಬಲ್ಲ ಅನ್ನೋದು ಸ್ವಲ್ಪ ಸಿಕ್ಕು.

ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ಬಂತು, 2013ರಲ್ಲಿ ಜಾರಿಗೆ. ಅದರಡಿ ಈ ಭಾಗದ ಸ್ಥಳೀಯ ವೃಂದದಲ್ಲಿ ಗ್ರೂಪ್ ಎ ಮತ್ತು ಬಿಯಲ್ಲಿ ಶೇ. 75, ಸಿಯಲ್ಲಿ ಶೇ. 80, ಡಿಯಲ್ಲಿ ಶೇ. 85 ಹುದ್ದೆ ಇಲ್ಲಿಯವರಿಗೆ. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟು. ಇದು ಬೇಕಿತ್ತು, ಇನ್ನೂ ಬೇಕು. ಆದರೆ ಮೀಸಲು ಹುದ್ದೆ ತುಂಬೋಕೆ ಅರ್ಹ ಸ್ಥಳೀಯ ಅಭ್ಯರ್ಥಿ ಬೇಕು. ಗಣಿತ, ವಿಜ್ಞಾನ, ಇಂಗ್ಲಿಷಿನಲ್ಲಿ ಪದವಿ, ಬಿ.ಇಡಿ, ಟಿಇಟಿ ಎಲ್ಲಾ ದಾಟಿದವರು. ಅವರು ಎಲ್ಲಿಂದ ಬರಬೇಕು? ಗಣಿತದ ಮಾಸ್ತರಿಲ್ಲದ ಇದೇ ಹೈಸ್ಕೂಲುಗಳಿಂದ. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗೆ ಅರ್ಜಿ ಕರೆದರು, ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ. ಆಯ್ಕೆ ಪಟ್ಟಿಯಲ್ಲಿ ಅಷ್ಟು ಜನ ಬರಲೇ ಇಲ್ಲ, ಮೇಲೆ ಕೋರ್ಟು ಕಚೇರಿ ಬೇರೆ. ಉಳಿದ ಕುರ್ಚಿಗೆ ಅತಿಥಿ ಶಿಕ್ಷಕರು. ಅವರು ಒಳ್ಳೆಯವರಿರಬಹುದು, ಎಷ್ಟೋ ಕಡೆ ಶಾಲೆ ನಡೆಯುತ್ತಿರುವುದೇ ಅವರಿಂದ. ಆದರೆ ನೇಮಕ ವರ್ಷಕ್ಕೊಮ್ಮೆ, ಶಾಲೆ ಶುರುವಾದ ಮೇಲೆ, ಬೇಸಿಗೆಯಲ್ಲಿ ಸಂಬಳವಿಲ್ಲ. ಈ ಸ್ಥಿತಿಯಲ್ಲಿರುವ ಮೇಷ್ಟರಿಗೆ ಮಗುವಿನ ಮೂರು ವರ್ಷದ ಹಿನ್ನಡೆ ಸರಿಮಾಡಿ ಅನ್ನೋದು ಅನ್ಯಾಯ.

ಕಾಯ್ದೆ ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು ಅನ್ನುತ್ತೆ. ಲೆಕ್ಕದಲ್ಲಿ ಸರಿ. ಒಂದರಿಂದ ಐದನೇ ಕ್ಲಾಸು, ಇಬ್ಬರು ಶಿಕ್ಷಕರು, ಒಬ್ಬರು ತರಬೇತಿಗೋ ಗಣತಿಗೋ ಹೋದ ದಿನ ಒಬ್ಬರು. ಎಸ್ಎಸ್ಎಲ್‌ಸಿ ಫಲಿತಾಂಶ ನಿರ್ಧಾರ ಆಗೋದು ಈ ಕೋಣೆಯಲ್ಲಿ, ಹತ್ತನೇ ಕ್ಲಾಸಿನ ವಿಶೇಷ ತರಗತಿಯಲ್ಲಲ್ಲ. ‘ಅಸರ್’ ಸಮೀಕ್ಷೆಯವರು ಮನೆಮನೆಗೆ ಹೋಗಿ ಮಕ್ಕಳ ಮುಂದೆ ಒಂದು ಸಣ್ಣ ಪಾಠ ಇಟ್ಟು ಓದಿಸ್ತಾರೆ. ದೇಶದ ಹಳ್ಳಿಗಳ ಮೂರನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು 2018ರಲ್ಲಿ ಶೇ. 27.3, 2022ರಲ್ಲಿ ಶೇ. 20.5, 2024ರಲ್ಲಿ ಶೇ. 27.1. ಇಡೀ ದೇಶದ ಕಥೆಯೇ ಹೀಗೆ. ಮನೆಯಲ್ಲಿ ಓದು ಬಲ್ಲವರಿದ್ದರೆ, ಟ್ಯೂಷನ್ ಇದ್ದರೆ ಮೂರನೇ ಕ್ಲಾಸಿನ ಕೊರತೆ ಐದರಲ್ಲಿ ತುಂಬುತ್ತೆ. ಇಲ್ಲದಿದ್ದರೆ ಅದೇ ಹತ್ತಕ್ಕೆ ಬರುತ್ತೆ.

ಭಾಷೆಯದ್ದು ಇನ್ನೊಂದು. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತೆ, ಕ್ಯಾಂಪಿನ ಮಗು ತೆಲುಗು. ಕನ್ನಡವೇ ಮನೆಮಾತಾದ ಮಗುವೂ ‘ಸಾಲಿ’ ಅನ್ನುತ್ತೆ, ಪುಸ್ತಕದಲ್ಲಿ ‘ಶಾಲೆ’ ಇರುತ್ತೆ. ಮಗುವಿನ ಮಾತನ್ನು ತಪ್ಪು ಅಂತ ತಿದ್ದೋದರಿಂದ ಶುರು ಮಾಡಿದರೆ ಅದು ಬಾಯಿ ಮುಚ್ಚಿ ಕೂರುತ್ತೆ.

ದುಡ್ಡು ಎಲ್ಲಿ ಹೋಯಿತು ಅನ್ನೋ ಪ್ರಶ್ನೆ

ರಾಯಚೂರಿಗೆ ಯೋಜನೆಗಳ ಕೊರತೆ ಇಲ್ಲ. 2018ರಲ್ಲಿ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಕರ್ನಾಟಕದಿಂದ ಸೇರಿದ ಎರಡೇ ಜಿಲ್ಲೆ ರಾಯಚೂರು ಮತ್ತು ಯಾದಗಿರಿ. ಅದರ ಅಂಕಪಟ್ಟಿಯಲ್ಲಿ ಶಿಕ್ಷಣದ ಪಾಲು ಶೇ. 30. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂ., ಅದರಲ್ಲಿ ‘ಅಕ್ಷರ ಆವಿಷ್ಕಾರ’ ಅಂತ ಶಿಕ್ಷಣಕ್ಕೇ ಒಂದು ಕಾರ್ಯಕ್ರಮ. ಮಂಡಳಿಯ ದುಡ್ಡು ಸಹಜವಾಗಿ ಕೋಣೆ, ಕಾಂಪೌಂಡು, ಸ್ಮಾರ್ಟ್ ಬೋರ್ಡಿಗೆ ಹರಿಯುತ್ತೆ. ಕೋಣೆಗೆ ಟೆಂಡರ್ ಕರೆಯಬಹುದು, ಉದ್ಘಾಟನೆ ಮಾಡಬಹುದು. ಕಾಯಂ ಶಿಕ್ಷಕರ ಸಂಬಳ ವರ್ಷವರ್ಷ ಬರುವ ಖರ್ಚು, ಅದಕ್ಕೆ ಕಲ್ಲು ನೆಡೋಕಾಗಲ್ಲ. ಗುತ್ತಿಗೆದಾರರಿಲ್ಲದ ಖರ್ಚಿನಲ್ಲಿ ನಮ್ಮ ರಾಜಕಾರಣಕ್ಕೆ ಆಸಕ್ತಿ ಕಡಿಮೆ ಅನ್ನೋದು ನನ್ನ ಅಭಿಪ್ರಾಯ, ಪಕ್ಷ ಯಾವುದಾದರೂ ಸರಿ.

ಪ್ರಾತಿನಿಧ್ಯದ ಮಾತೂ ಬರಲಿ. ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ದೇವದುರ್ಗ, ಮಾನ್ವಿ, ಮಸ್ಕಿ, ರಾಯಚೂರು ಗ್ರಾಮೀಣ ಪರಿಶಿಷ್ಟ ಪಂಗಡಕ್ಕೆ, ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲು. ಲೋಕಸಭಾ ಕ್ಷೇತ್ರವೂ ಪರಿಶಿಷ್ಟ ಪಂಗಡಕ್ಕೆ ಮೀಸಲು. 2011ರ ಪ್ರಕಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡ ಸುಮಾರು ಶೇ. 19, ರಾಜ್ಯದಲ್ಲಿ ಸುಮಾರು ಶೇ. 7. ಹಾಗಾಗಿ ಇಲ್ಲಿನ ‘ಪ್ರಾದೇಶಿಕ’ ಅಂತರದ ಒಳಗೆ ಜಾತಿಯ ಅಂತರ ಕೂತಿದೆ. ಕರಾವಳಿಗೂ ನಮಗೂ ಇರುವ ದೂರ ಪತ್ರಿಕೆಯ ಮುಖಪುಟಕ್ಕೆ ಬರುತ್ತೆ; ರಾಯಚೂರಿನ ಲೇಔಟಿಗೂ ದೇವದುರ್ಗದ ದೊಡ್ಡಿಗೂ ಇರುವ ದೂರ ಬರಲ್ಲ. 2022ರ ಮೇ ತಿಂಗಳಿಂದ ರಾಯಚೂರಿನಲ್ಲಿ ಏಮ್ಸ್‌ಗಾಗಿ ಧರಣಿ ಕೂತು ಸಾವಿರ ದಿನ ದಾಟಿಸಿದ ಜನರ ಬಗ್ಗೆ ನನಗೆ ಗೌರವವಿದೆ. ಅದೇ ಛಲ ಒಂಬತ್ತನೇ ಕ್ಲಾಸಿನ ಬಸ್ಸಿಗೆ ಸಿಕ್ಕಿದ್ದರೆ ಅನ್ನಿಸುತ್ತೆ. ಐಐಐಟಿ ಬಂತು, ವಿಶ್ವವಿದ್ಯಾಲಯ ಬಂತು. ಅಲ್ಲಿಗೆ ಹೋಗುವ ಏಣಿಯ ಕೆಳಗಿನ ಮೆಟ್ಟಿಲುಗಳೇ ಇಲ್ಲ.

ಇನ್ನು ‘ಒಳ್ಳೆಯ ಸರ್ಕಾರಿ ಶಾಲೆ’ಗಳು: ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ. ಬಡ ಮಕ್ಕಳ ಬದುಕು ಬದಲಿಸಿದ ಶಾಲೆಗಳಿವು, ಸಂಶಯವಿಲ್ಲ. ಆದರೆ ಸೇರೋಕೆ ಐದನೇ ಕ್ಲಾಸಿನಲ್ಲೇ ಪ್ರವೇಶ ಪರೀಕ್ಷೆ. ಇಬ್ಬರು ಶಿಕ್ಷಕರ ಶಾಲೆಯಲ್ಲಿ ಹೇಗೋ ಓದಲು ಕಲಿತ ನಾಲ್ಕು ಮಕ್ಕಳು ಅಲ್ಲಿಗೆ ಹೋಗ್ತಾರೆ, ಕಲಿಯದವರು ಅಲ್ಲೇ ಉಳೀತಾರೆ. ಖಾಸಗಿ ಶಾಲೆಯ ಶೇ. 25 ಆರ್‌ಟಿಇ ಸೀಟಿನ ದಾರಿಯನ್ನು ರಾಜ್ಯ 2019ರಲ್ಲಿ ಹೆಚ್ಚುಕಡಿಮೆ ಮುಚ್ಚಿತು: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಸೀಟಿಲ್ಲ. ಸರ್ಕಾರಿ ಶಾಲೆ ಉಳಿಸೋಕೆ ಅಂದರು. ಒಪ್ಪಬಹುದಿತ್ತು, ಆ ಉಳಿದ ದುಡ್ಡು ಅದೇ ಶಾಲೆಗೆ ಶಿಕ್ಷಕರಾಗಿ ಬಂದಿದ್ದರೆ.

ಕೆಲಸ ಮಾಡಿದ್ದೂ ಇದೆ. ಬಿಸಿಯೂಟ 2002ರಲ್ಲಿ ಮೊದಲು ಬಂದಿದ್ದೇ ಈ ಈಶಾನ್ಯದ ಜಿಲ್ಲೆಗಳಿಗೆ. 2021ರ ಡಿಸೆಂಬರಿನಲ್ಲಿ ಮೊಟ್ಟೆ ಶುರುವಾದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಮಠಾಧೀಶರ ವಿರೋಧದ ಗದ್ದಲ ನೆನಪಿರಬಹುದು. ಯಾದಗಿರಿಯಲ್ಲಿ ಅಧ್ಯಯನ ಮಾಡಿದಾಗ ಮೊಟ್ಟೆ ತಿಂದ ಮಕ್ಕಳ ತೂಕ ಏರಿದ್ದು ಕಂಡಿತು, ಮುಂದೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಇಲ್ಲಿ ಸಾಬೀತಾದದ್ದು ಎಲ್ಲಾ ಕಡೆ ಹೋದ ಅಪರೂಪದ ಉದಾಹರಣೆ.

ನಿಮ್ಮೂರಲ್ಲಿ ಕೇಳಬೇಕಾದ್ದು

ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಇದೆ, 2001ರಿಂದ. ಪೋಷಕರೇ ಸದಸ್ಯರು. ಸಭೆ ನಡೆಯುತ್ತೆ, ಸಹಿ ಬೀಳುತ್ತೆ, ಬಹಳ ಸಲ ಅಷ್ಟೇ. ನೀವು ಆ ಊರಿನವರಾದರೆ ಅಲ್ಲಿ ಕಟ್ಟಡದ ವಿಷಯ ಬಿಟ್ಟು ಮೂರು ಸಂಖ್ಯೆ ಕೇಳಿ. ಈ ವರ್ಷ ಎಂಟನೇ ಕ್ಲಾಸು ಮುಗಿಸಿದವರೆಷ್ಟು, ಅದರಲ್ಲಿ ಟಿ.ಸಿ. ತಗೊಂಡು ಹೈಸ್ಕೂಲಿಗೆ ಸೇರಿದವರೆಷ್ಟು, ಸೇರಿದವರಲ್ಲಿ ಹುಡುಗಿಯರೆಷ್ಟು. ಹೈಸ್ಕೂಲಿನ ಸಭೆಯಾದರೆ ಜುಲೈ ಮತ್ತು ನವೆಂಬರಿನ ಹಾಜರಿಯನ್ನು ಪಕ್ಕಪಕ್ಕ ಇಡೋಕೆ ಹೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಬಿಇಒ ಕಚೇರಿಗೆ ಹತ್ತು ರೂಪಾಯಿಯ ಅರ್ಜಿ ಹಾಕಿ, ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು ಅಂತ ಬರೆದು. ಅರ್ಜಿಯನ್ನು ದಸರೆಗೂ ಮೊದಲೇ ಹಾಕಿದರೆ ಒಳ್ಳೆಯದು. ಉತ್ತರಕ್ಕೆ 30 ದಿನ ಹಿಡಿಯುತ್ತೆ, ಆ ಹೊತ್ತಿಗೆ ಹತ್ತಿ ಒಡೆದಿರುತ್ತೆ.